ತುತ್ತು ಎಷ್ಟೆಂದು ಮಗು ಹೇಳಲಿ

(ಶಿರಸಿ ಸೀಮೆಯಲ್ಲಿ ಎಳೆಮಕ್ಕಳ ತಂದೆತಾಯಿ ಮತ್ತು ಅಜ್ಜ-ಅಜ್ಜಿಯರ ಎದುರು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ವರ್ಷ ದಾಟಿದ ಮಗುವಿರುವ ಮನೆಗೆ ಹೋಗಿ ಜಗಲಿಯಲ್ಲಿ ಕೂತರೆ, ನೀರು-ಬೆಲ್ಲ ಬರುವ ಮೊದಲೇ ಒಂದು ಮಾತು ಬರುತ್ತದೆ: ‘ಮಾಣಿ ಎಂತೂ ತಿಂತ್ನಿಲ್ಲೆ’ (ಹುಡುಗ ಏನೂ ತಿನ್ನುತ್ತಿಲ್ಲ). ಘಟ್ಟ ಇಳಿದು ಕುಮಟೆಗೋ ಕಾರವಾರಕ್ಕೋ ಹೋದರೆ ಇದೇ ದೂರು ಕೊಂಕಣಿಯಲ್ಲಿ ಕಿವಿಗೆ ಬೀಳುತ್ತದೆ. ಇವತ್ತು ಅಲ್ಲಿಂದಲೇ ಶುರುಮಾಡೋಣ.

ಮೊದಲು ಒಂದು ಲೆಕ್ಕ ನೋಡಿ. ಮೂರು ಕೆಜಿ ತೂಕದಲ್ಲಿ ಹುಟ್ಟಿದ ಮಗು ಐದು ತಿಂಗಳ ಹೊತ್ತಿಗೆ ಸುಮಾರು ಆರು ಕೆಜಿ ಆಗುತ್ತದೆ, ವರ್ಷಕ್ಕೆ ಒಂಬತ್ತು, ಎರಡು ವರ್ಷಕ್ಕೆ ಹನ್ನೆರಡು. ಅಂದರೆ ಮೊದಲ ವರ್ಷದಲ್ಲಿ ಆರು ಕೆಜಿ ಏರಿದ ಮಗು ಎರಡನೆಯ ವರ್ಷದಲ್ಲಿ ಮೂರೇ ಕೆಜಿ ಏರುತ್ತದೆ, ಆಮೇಲೆ ವರ್ಷಕ್ಕೆ ಎರಡು ಕೆಜಿಯ ಆಸುಪಾಸು. ಬೆಳವಣಿಗೆಯ ವೇಗ ಅರ್ಧಕ್ಕೆ ಇಳಿದಾಗ ಹಸಿವೂ ಇಳಿಯುತ್ತದೆ. ಮಗು ನಡೆಯಲು ಕಲಿಯುವುದೂ ಆಗಲೇ. ಜಗತ್ತೆಲ್ಲ ಕೈಗೆ ಎಟುಕತೊಡಗಿದ ಮೇಲೆ ಬಟ್ಟಲ ಮುಂದೆ ಕೂರಲು ಅದಕ್ಕೆ ಪುರಸೊತ್ತೆಲ್ಲಿ? ನಮಗೆ ಇದು ಕಾಯಿಲೆಯಂತೆ ಕಾಣುತ್ತದೆ. ಹೆದರಿ ಬಟ್ಟಲು ಹಿಡಿದು ಅಂಗಳ ಸುತ್ತುತ್ತೇವೆ, ಕಾಗೆ ತೋರಿಸುತ್ತೇವೆ, ಕೊನೆಗೆ ಮೊಬೈಲ್ ಹಚ್ಚುತ್ತೇವೆ.

ಇಲ್ಲಿ ಕೆಲಸದ ಪಾಲು ಹಂಚಿಕೊಳ್ಳಬೇಕು. ಏನು ಕೊಡುವುದು, ಯಾವಾಗ ಕೊಡುವುದು, ಎಲ್ಲಿ ಕೂತು ತಿನ್ನುವುದು ಎಂಬ ಮೂರೂ ದೊಡ್ಡವರ ಪಾಲು. ತಿನ್ನುವುದೋ ಬಿಡುವುದೋ, ತಿಂದರೆ ಎಷ್ಟು ಎಂಬ ಎರಡೂ ಮಗುವಿನ ಪಾಲು. ಮನೆಯಲ್ಲಿ ಕಾಣುವ ಬಹುಪಾಲು ಜಗಳ ನಾವು ಮಗುವಿನ ಪಾಲಿಗೆ ಕೈಹಾಕುವುದರಿಂದ ಹುಟ್ಟುತ್ತದೆ. ಅದೇ ಹೊತ್ತಿಗೆ ನಮ್ಮ ಪಾಲು ಸಡಿಲವಾಗಿರುತ್ತದೆ: ಹತ್ತೂವರೆಗೆ ಬಿಸ್ಕಿಟು, ಹನ್ನೊಂದಕ್ಕೆ ಒಂದು ಲೋಟ ಹಾಲು, ಹನ್ನೆರಡಕ್ಕೆ ನೆಂಟರು ತಂದ ಚಾಕಲೇಟು. ಒಂದು ಗಂಟೆಗೆ ಊಟಕ್ಕೆ ಕೂರಿಸಿದರೆ ಹಸಿವು ಎಲ್ಲಿಂದ ಬರಬೇಕು?

ಮಾಡಬೇಕಾದದ್ದು ಇಷ್ಟು. ಎರಡು ಆಹಾರದ ನಡುವೆ ಎರಡೂವರೆಯಿಂದ ಮೂರು ಗಂಟೆ ಬಿಡುವಿರಲಿ, ಆ ನಡುವೆ ನೀರು ಮಾತ್ರ. ಊಟಕ್ಕೆ ಒಂದೇ ಜಾಗ, ಮಣೆಯಾದರೂ ಸರಿ. ದೊಡ್ಡವರಲ್ಲಿ ಒಬ್ಬರಾದರೂ ಜೊತೆಗೆ ಕೂತು ಉಣ್ಣಲಿ. ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೆ ಮಾತಿಲ್ಲದೆ ತಟ್ಟೆ ಎತ್ತಿಬಿಡಿ. ತಿನ್ನದಿದ್ದರೆ ಬೈಗುಳ ಬೇಡ, ತಿಂದರೆ ಬಹುಮಾನವೂ ಬೇಡ. ಅರ್ಧ ಗಂಟೆ ಬಿಟ್ಟು ‘ಪಾಪ, ಹಸಿದಿದೆ’ ಎಂದು ಹಾಲು ಕುಡಿಸಿದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ. ಮೊದಲ ನಾಲ್ಕೈದು ದಿನ ಕಷ್ಟ, ಆಮೇಲೆ ಹಸಿವಿಗೆ ಹೊತ್ತು ಗೊತ್ತಾಗುತ್ತದೆ. ಒಮ್ಮೆ ಉಗುಳಿದ ಪಲ್ಯವನ್ನು ‘ಇವಳಿಗೆ ಸೇರುವುದಿಲ್ಲ’ ಎಂದು ಕೈಬಿಡಬೇಡಿ. ಹೊಸ ರುಚಿ ಒಗ್ಗಲು ಹತ್ತು ಹದಿನೈದು ಸಲ ಎದುರಿಗೆ ಬರಬೇಕಾಗಬಹುದು. ಪ್ರತಿ ಸಲವೂ ಒಂದು ಚಮಚದಷ್ಟೇ ಇಡಿ, ಪಕ್ಕದಲ್ಲಿ ಮಗುವಿಗೆ ಇಷ್ಟವಾದದ್ದೂ ಇರಲಿ.

ಮೊಬೈಲ್ ತೋರಿಸಿದರೆ ಬಟ್ಟಲು ಖಾಲಿಯಾಗುತ್ತದಲ್ಲ ಎನ್ನುತ್ತೀರಿ. ಆಗುತ್ತದೆ. ಆದರೆ ಹೊಟ್ಟೆ ತುಂಬಿದ ಸುದ್ದಿ ತಲೆಗೆ ತಲುಪುವುದು ಗಮನ ಊಟದ ಮೇಲಿದ್ದಾಗ. ಪರದೆ ನೋಡುತ್ತ ಬಾಯಿ ತೆರೆಯುವ ಮಗುವಿಗೆ ಹಸಿವೂ ತಿಳಿಯುವುದಿಲ್ಲ, ತೃಪ್ತಿಯೂ ತಿಳಿಯುವುದಿಲ್ಲ. ಅಗಿಯದೆ ನುಂಗುವುದು, ಬಾಯಲ್ಲೇ ಇಟ್ಟುಕೊಂಡು ಕೂರುವುದು ಶುರುವಾಗುತ್ತದೆ.

ಹಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಟ್ಟಿಗೆಯಿರುವ ಮನೆಗಳಲ್ಲಿ ಹಾಲಿಗೆ ಮಿತಿ ಹೇಳಿದರೆ ಬೇಸರವಾಗುತ್ತದೆ. ವರ್ಷ ತುಂಬುವವರೆಗೆ ತಾಯಿಹಾಲಿನ ಜಾಗಕ್ಕೆ ಆಕಳ ಹಾಲು ಬರಬಾರದು. ವರ್ಷ ದಾಟಿದ ಮೇಲೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಬೇಡ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಬೇರೆ ಆಹಾರದ ಕಬ್ಬಿಣವನ್ನು ಮೈ ಹೀರಿಕೊಳ್ಳಲೂ ಅದು ಅಡ್ಡಬರುತ್ತದೆ. ಜೊತೆಗೆ ಹೊಟ್ಟೆ ತುಂಬಿಸಿ ಅನ್ನ-ಸೊಪ್ಪಿಗೆ ಜಾಗ ಉಳಿಸುವುದಿಲ್ಲ. ದುಂಡಗೆ ಬೆಳ್ಳಗೆ ಕಾಣುವ ಎಷ್ಟೋ ಮಕ್ಕಳ ಬಿಳುಪು ರಕ್ತಹೀನತೆಯ ಬಿಳುಪು. ಕೆಳರೆಪ್ಪೆ ಎಳೆದು ಒಳಗಿನ ಕೆಂಪು ನೋಡಿ, ಅಂಗೈ ನೋಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ, ಸಲಕ್ಕೆ 1 ಮಿಲೀಲೀಟರಿನಂತೆ ಕೊಡುವುದು. ಮಲ ಕಪ್ಪಾಗುತ್ತದೆ ಎಂದು ಹೆದರಿ ಬಾಟಲಿಯನ್ನು ಗೂಡಿನಲ್ಲಿಡಬೇಡಿ, ಕಬ್ಬಿಣ ಕೊಟ್ಟರೆ ಮಲ ಕಪ್ಪಾಗುವುದು ಸಹಜ. ಹರಿವೆ, ನುಗ್ಗೆಸೊಪ್ಪಿನ ಜೊತೆ ಲಿಂಬೆಹುಳಿಯೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಒಳಸೇರುತ್ತದೆ. ಚಹಾ ಅದಕ್ಕೆ ತಡೆ. ಮಗುವಿನ ಬಟ್ಟಲಿಗೆ ಚಹಾ ಅದ್ದಿದ ಬಿಸ್ಕಿಟು ಬೇಡವೇ ಬೇಡ.

ಈಗ ಅದಕ್ಕೂ ಹಿಂದಿನ ಹಂತಕ್ಕೆ ಬರುತ್ತೇನೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ. ನೀರೂ ಇಲ್ಲ, ಬೆಣ್ಣೆಯೂ ಇಲ್ಲ. ಜೇನು ಒಂದು ವರ್ಷದವರೆಗೆ ನಾಲಗೆಗೆ ಮುಟ್ಟಿಸಲೂ ಬಾರದು. ನಮ್ಮ ಕಾಡಿನ ಜೇನು ಶುದ್ಧ ನಿಜ, ಆದರೆ ಶುದ್ಧ ಜೇನಿನಲ್ಲೂ ಬೊಟುಲಿಸಂ ಎಂಬ ರೋಗ ತರುವ ಸೂಕ್ಷ್ಮಜೀವಿಯ ಬೀಜಕಗಳು ಇರಬಹುದು. ಎಳೆಗರುಳಿನಲ್ಲಿ ಅವು ಬೆಳೆದು ವಿಷ ಬಿಡುತ್ತವೆ.

ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ (ರಾಗಿ ಸರಿ). ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ತೆಳ್ಳಗೆ ಮಾಡುವುದು. ಮಗುವಿನ ಹೊಟ್ಟೆ ಹಿಡಿಯುವುದು ಕೆಜಿ ತೂಕಕ್ಕೆ ಸುಮಾರು 30 ಮಿಲೀಲೀಟರು. ಏಳು ಕೆಜಿಯ ಮಗುವಿಗೆ ಒಂದು ಲೋಟದಷ್ಟು ಅಂದುಕೊಳ್ಳಿ. ಅದನ್ನು ನೀರಿನಿಂದ ತುಂಬಿಸಿದರೆ ಮಗು ಹೊಟ್ಟೆ ತುಂಬಿಯೂ ಉಪವಾಸ. ಚಮಚ ವಾಲಿಸಿದಾಗ ಮಣ್ಣಿ ನಿಧಾನಕ್ಕೆ ಜಾರಬೇಕು, ಸುರಿಯಬಾರದು. ರಾಗಿಯನ್ನು ಎಂಟು ಗಂಟೆ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಒಣಗಿಸಿ ಹುಡಿ ಮಾಡಿದರೆ ಇನ್ನೊಂದು ಲಾಭವಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಮಣ್ಣಿ ಗಟ್ಟಿ ಮುದ್ದೆಯಾಗುವುದಿಲ್ಲ, ಅದೇ ಲೋಟದಲ್ಲಿ ಹೆಚ್ಚು ಸತ್ವ ಹಿಡಿಯುತ್ತದೆ. ಆದರೆ ಇದು ಬಿಸಿಲುಗಾಲದ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೊಳಕೆ ಒಣಗುವ ಮೊದಲೇ ಬೂಸ್ಟು ಬರುತ್ತದೆ. ಬೂಸ್ಟು ಬಂದದ್ದನ್ನು ಹುರಿದು ಸರಿಮಾಡಲು ಆಗುವುದಿಲ್ಲ, ಚೆಲ್ಲಬೇಕು. ಮಳೆಗಾಲಕ್ಕೆ ಏಪ್ರಿಲ್‌ನಲ್ಲೇ ಹುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲವೇ ನೆನೆಸಿದ ರಾಗಿಯನ್ನು ಅಂದಂದೇ ರುಬ್ಬಿ ಬಟ್ಟೆಯಲ್ಲಿ ಸೋಸಿ ಕಾಯಿಸಿ. ಅರ್ಧ ಚಮಚ ತುಪ್ಪ ಸಾಕು. ವರ್ಷದೊಳಗೆ ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ.

ಶುರುವಿನಲ್ಲಿ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಎಂಟು ತಿಂಗಳ ಹೊತ್ತಿಗೆ ಎರಡು ಮೂರು ಸಲ, ಸಲಕ್ಕೆ 250 ಮಿಲೀಲೀಟರಿನ ಬಟ್ಟಲಲ್ಲಿ ಅರ್ಧದವರೆಗೆ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅರ್ಧ ಬಟ್ಟಲಿನಂತೆ ಮೂರು ನಾಲ್ಕು ಸಲ. ವರ್ಷದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ಇವು ಎದುರಿಗಿಡುವ ಅಳತೆಗಳು, ಬಾಯಿಗೆ ತುರುಕುವ ಅಳತೆಗಳಲ್ಲ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದನ್ನೇ ಒಂಬತ್ತು ತಿಂಗಳ ನಂತರವೂ ಕೊಡುತ್ತಿದ್ದರೆ ಅಗಿಯಲು ಕಲಿಯುವ ಕಾಲ ದಾಟಿಹೋಗುತ್ತದೆ, ಎರಡು ವರ್ಷಕ್ಕೂ ಅನ್ನದ ಅಗುಳು ಸಿಕ್ಕರೆ ವಾಕರಿಸುವ ಮಕ್ಕಳನ್ನು ಕಾಣುತ್ತೇವೆ. ಅನ್ನ-ತೊವ್ವೆಯನ್ನು ಬೆರಳಿನಲ್ಲಿ ಹಿಸುಕಿ ಕೊಡಿ. ಕರಾವಳಿಯವರು ಮೀನು ಶುರುಮಾಡುವಾಗ ತಾರ್ಲೆ (ಬೂತಾಯಿ) ಬೇಡ, ಅದರ ಕೂದಲೆಳೆಯಂಥ ಮುಳ್ಳು ಕಣ್ಣಿಗೆ ಕಾಣುವುದಿಲ್ಲ. ಇಸ್ವಾಣದಂಥ (ಅಂಜಲ್) ದೊಡ್ಡ ಮೀನಿನ ತುಂಡನ್ನು ಖಾರವಿಲ್ಲದೆ ಬೇಯಿಸಿ, ಎರಡು ಬೆರಳ ನಡುವೆ ಒತ್ತಿ ನೋಡಿ ಕೊಡಿ.

ಒಂದು ಎಚ್ಚರಿಕೆ. ‘ಎಷ್ಟೆಂದು ಮಗು ಹೇಳಲಿ’ ಎಂಬ ಮಾತು ಆರೋಗ್ಯವಾಗಿರುವ ಮಗುವಿಗೆ. ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂಬುದನ್ನು ಪಕ್ಕದ ಮನೆಯ ಕೂಸಿಗೆ ಹೋಲಿಸಿ ತಿಳಿಯಲಾಗದು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿ, ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆ ನೋಡಿ. ಗೆರೆ ತನ್ನ ದಾರಿಯಲ್ಲಿ ಏರುತ್ತಿದ್ದರೆ ಸಣ್ಣ ಮಗುವೂ ಸರಿಯಾದ ಮಗುವೇ. ಎರಡು ಮೂರು ತಿಂಗಳು ಗೆರೆ ಮಲಗಿದರೆ, ಇಳಿದರೆ ವೈದ್ಯರಲ್ಲಿಗೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಆಗ ಒಂದು ದಿನವೂ ಕಾಯಬಾರದು.

ಜ್ವರ, ಭೇದಿಗಳಲ್ಲಿ ತೀರ್ಮಾನ ಪೂರ್ತಿ ದೊಡ್ಡವರದೇ. ಅಳತೆ ತಪ್ಪಿದರೆ ಔಷಧವೇ ಅಪಾಯ. ಪ್ಯಾರಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ ಲೆಕ್ಕ. ಹತ್ತು ಕೆಜಿಯ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಸಾಂದ್ರತೆ ಬೇರೆಬೇರೆ: ಒಂದು ಸಿರಪ್ಪಿನಲ್ಲಿ 5 ಮಿಲೀಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250, ಹನಿಗಳ ಬಾಟಲಿಯಲ್ಲಿ 1 ಮಿಲೀಲೀಟರಿಗೇ 100. ಅದೇ 150 ಮಿಲಿಗ್ರಾಂ ಬೇಕೆಂದರೆ ಮೊದಲನೆಯದರಲ್ಲಿ 6 ಮಿಲೀಲೀಟರು, ಎರಡನೆಯದರಲ್ಲಿ 3, ಹನಿಯಲ್ಲಿ ಒಂದೂವರೆ. ‘ಹೋದ ಸಲ ಆರು ಕೊಟ್ಟಿದ್ದೆವು’ ಎಂದು ಹನಿ ಬಾಟಲಿಯಿಂದ ಆರು ಮಿಲೀಲೀಟರು ಕೊಟ್ಟರೆ ನಾಲ್ಕು ಪಟ್ಟು ಔಷಧ ಹೋಗುತ್ತದೆ, ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುತ್ತದೆ. ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ ಮಗುವಿನ ತೂಕ, ಅಳತೆ, ತಾರೀಕು ಬರೆದಿಡಿ. ಅಡುಗೆ ಚಮಚದಲ್ಲಿ ಅಳೆಯಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದಿಗೆ ಅವಕಾಶವಿಲ್ಲ, ಆಸ್ಪತ್ರೆಗೇ.

ಕೆಮ್ಮಿದ್ದಾಗ ಉಸಿರು ಎಣಿಸಿ. ಮಗು ಮಲಗಿರುವಾಗಲೋ ಸುಮ್ಮನಿರುವಾಗಲೋ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ ನಿಮಿಷಕ್ಕೆ 60, ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40 ಮುಟ್ಟಿದರೆ, ಅಥವಾ ಪಕ್ಕೆಯ ಕೆಳಗೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಬೆಳಗಿನವರೆಗೆ ಕಾಯಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ದೊಡ್ಡ ಆಸ್ಪತ್ರೆಗೆಂದು ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕೆಳಗಿನವರು ಮಣಿಪಾಲಕ್ಕೋ ಕಾರವಾರಕ್ಕೋ ಓಡುವವರು ನಾವು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ಹೊರಡುವ ತೀರ್ಮಾನವನ್ನು ಹಗಲಿರುವಾಗಲೇ ಮಾಡಬೇಕು.

ಭೇದಿಗೆ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದಕ್ಕೆ ಕುದಿಸಿ ಆರಿಸಿದ ನೀರು ಒಂದು ಲೀಟರು, ಪೂರ್ತಿ. ಅರ್ಧ ಪೊಟ್ಟಣವನ್ನು ಅಂದಾಜಿನಿಂದ ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಭೇದಿ ಮತ್ತು ನಿರ್ಜಲತೆ ಎರಡೂ ಹೆಚ್ಚುತ್ತವೆ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲೀಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ಕೊಡಿ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ಜೊತೆಗೆ ಆರು ತಿಂಗಳ ಮೇಲಿನವರಿಗೆ ಸತುವಿನ ಮಾತ್ರೆ 20 ಮಿಲಿಗ್ರಾಂ, ದಿನಕ್ಕೊಂದರಂತೆ ಹದಿನಾಲ್ಕು ದಿನ. ಮೂರನೆಯ ದಿನ ಭೇದಿ ನಿಂತಿತೆಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು. ಎಳನೀರಿನ ಮೇಲೆ ನಮಗೆಲ್ಲ ಅಪಾರ ನಂಬಿಕೆ. ಅದು ಒಳ್ಳೆಯ ಪಾನೀಯವೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಯಲ್ಲಿ ಸೋಡಿಯಂ ಬಹಳ ಕಳೆಯುತ್ತದೆ. ಹಾಗಾಗಿ ಓಆರ್‌ಎಸ್‌ನ ಜಾಗದಲ್ಲಿ ಎಳನೀರು ನಿಲ್ಲಲಾರದು. ಉಪ್ಪು ಹಾಕಿದ ಗಂಜಿ ಅದಕ್ಕಿಂತ ಮೇಲು. ಆರೆಂಟು ಗಂಟೆ ಮೂತ್ರವಾಗದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆ.

ತೋಟ-ಕಾಡಿನ ಅಂಚಿನ ಮನೆಗಳಿಗೆ ಇನ್ನೊಂದು. ನವೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಜ್ವರ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದಿದೆ. ಹರಡುವುದು ಉಣುಗಿನಿಂದ, ಅದರಲ್ಲೂ ಎಳ್ಳಿನಷ್ಟು ಸಣ್ಣ ಮರಿ ಉಣುಗಿನಿಂದ. ದರಕು (ಒಣಗಿ ಉದುರಿದ ಎಲೆ) ತರಲು ಹೋಗುವಾಗ ಮಕ್ಕಳನ್ನು ಕರೆದೊಯ್ಯಬೇಡಿ, ದರಕಿನ ರಾಶಿಯ ಮೇಲೆ ಆಡಬಿಡಬೇಡಿ. ಸಂಜೆ ಮೀಯಿಸುವಾಗ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿ. ಆ ತಿಂಗಳುಗಳಲ್ಲಿ ಜ್ವರ, ತಲೆನೋವು ಬಂದರೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡದೆ, ಕಾಡಿನ ಸಂಪರ್ಕವಿದೆ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ.

ಮನೆಯೊಳಗೆ ಎರಡು ವಸ್ತುಗಳ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ಕವಳದ (ಎಲೆ-ಅಡಿಕೆಯ) ತಬಕಿನ ಸುಣ್ಣ. ಮಕ್ಕಳು ಡಬ್ಬಿಯನ್ನೋ ಪೊಟ್ಟಣವನ್ನೋ ಹಿಸುಕಿದಾಗ ಸುಣ್ಣ ಕಣ್ಣಿಗೆ ಚಿಮ್ಮುತ್ತದೆ, ನಿಮಿಷಗಳಲ್ಲಿ ಕಣ್ಣಗುಡ್ಡೆ ಸುಡುತ್ತದೆ. ಹಾಗಾದರೆ ತಕ್ಷಣ ರೆಪ್ಪೆ ಅಗಲಿಸಿ, ಮಗು ಎಷ್ಟೇ ಅತ್ತರೂ, ಇಪ್ಪತ್ತು ನಿಮಿಷ ಶುದ್ಧ ನೀರು ಹನಿಸದೆ ಧಾರೆಯಾಗಿ ಹರಿಸಬೇಕು, ಆಮೇಲೆ ಆಸ್ಪತ್ರೆ. ಇನ್ನೊಂದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತು. ಆ ನೀಲಿ ಹರಳಿನಷ್ಟು ಅಂದದ ಕಲ್ಲು ಮಗುವಿಗೆ ಬೇರೊಂದಿಲ್ಲ, ಬಾಯಿಗೆ ಹೋದರೆ ವಿಷ. ಬೀಗವಿರುವ ಜಾಗದಲ್ಲಿಡಿ. ಮಿಕ್ಕ ದ್ರಾವಣವನ್ನು ತಂಪು ಪಾನೀಯದ ಬಾಟಲಿಗೆ ತುಂಬಿಡಬೇಡಿ.

ನೀರಿನ ಭಯ ಇದಕ್ಕಿಂತ ದೊಡ್ಡದು. ಬಾವಿಕಟ್ಟೆ ಮೂರಡಿ ಎತ್ತರವಿದ್ದರೂ ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲಿದ್ದರೆ ಅದು ಮಗುವಿಗೆ ಮೆಟ್ಟಿಲು. ಕಲ್ಲನ್ನು ಸರಿಸಿ, ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬಡಿಯುವುದೂ ಕಡಿಮೆ. ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಆಗಿಹೋಗುತ್ತದೆ. ಅರ್ಧ ತುಂಬಿದ ಬಕೇಟೂ ಸಾಕು. ಕಡಲತೀರದಲ್ಲಿ ಐದು ವರ್ಷದೊಳಗಿನ ಮಗು ನಿಮ್ಮ ಕೈಗೆಟುಕುವಷ್ಟು ದೂರದಲ್ಲೇ ಇರಬೇಕು. ಜೂನ್, ಜುಲೈ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯದ ತಿಂಗಳು, ಮಕ್ಕಳಿಗೆ ಆಗ ಮರಳು ಮಾತ್ರ. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿದು ನೀರು ಕಕ್ಕಿಸುವ ಪದ್ಧತಿ ಇನ್ನೂ ಇದೆ, ಅದರಲ್ಲಿ ಅಮೂಲ್ಯವಾದ ನಿಮಿಷ ಹಾಳಾಗುತ್ತದೆ. ಉಸಿರಿಲ್ಲದಿದ್ದರೆ ಮಲಗಿಸಿ ಮೊದಲು ಐದು ಸಲ ಬಾಯಿಂದ ಉಸಿರು ಊದಿ, ಆಮೇಲೆ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಕರೆಮಾಡಲಿ. ಇದನ್ನು ಕೈಯಾರೆ ಮಾಡಿ ಕಲಿಯದೆ ಕೇಳಿ ಪ್ರಯೋಜನ ಕಡಿಮೆ, ತರಬೇತಿ ಎಲ್ಲಿ ಸಿಕ್ಕರೂ ಹೋಗಿ.

ಇನ್ನು ಹಟ. ಒಂದೂವರೆಯಿಂದ ನಾಲ್ಕು ವರ್ಷದವರೆಗೆ ಇದು ಬೆಳವಣಿಗೆಯ ಭಾಗ. ಬೇಕೆಂಬುದು ಬೆಟ್ಟದಷ್ಟು, ಹೇಳಲು ಮಾತು ಹಿಡಿಯಷ್ಟು, ತಡೆದುಕೊಳ್ಳುವ ಶಕ್ತಿ ಮಿದುಳಿನಲ್ಲಿ ಇನ್ನೂ ಬಲಿತಿಲ್ಲ. ನೆಲಕ್ಕೆ ಬಿದ್ದು ಅಳುವ ಮಗುವಿಗೆ ಆ ಹೊತ್ತಿನಲ್ಲಿ ಬುದ್ಧಿಮಾತು ಕೇಳಿಸುವುದಿಲ್ಲ. ಹತ್ತಿರ ಕೂರಿ, ಪೆಟ್ಟಾಗದಂತೆ ನೋಡಿ, ‘ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂತು’ ಎಂದು ಅದರ ಪರವಾಗಿ ಹೇಳಿ. ಬಹುತೇಕ ಹಟ ಐದು ನಿಮಿಷದೊಳಗೆ ಇಳಿಯುತ್ತದೆ. ಕೆಡುವುದು ಹೇಗೆಂದರೆ, ಆಯಿ (ಅಮ್ಮ) ಬೇಡ ಎಂದದ್ದನ್ನು ನಾಲ್ಕನೆಯ ನಿಮಿಷಕ್ಕೆ ಅಜ್ಜ ಕೊಡುತ್ತಾರೆ. ನಾಲ್ಕು ನಿಮಿಷ ಅತ್ತರೆ ಸಿಗುತ್ತದೆಂದು ಮಗು ಕಲಿಯುತ್ತದೆ. ಪ್ರತಿ ಸಲ ಕೊಡುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಕೊಡುವುದೇ ಹಟವನ್ನು ಹೆಚ್ಚು ಗಟ್ಟಿಮಾಡುತ್ತದೆ. ಕೂಡುಮನೆಯಲ್ಲಿ ಎಲ್ಲದಕ್ಕೂ ಒಮ್ಮತ ಸಿಗದು. ಮೂರೇ ಮೂರು ನಿಯಮ ಆರಿಸಿ: ಬಾವಿಕಟ್ಟೆ, ಮೊಬೈಲ್, ಹೊಡೆಯುವುದು. ಈ ಮೂರರಲ್ಲಿ ಎಲ್ಲರೂ ಒಂದೇ ಮಾತು. ಉಳಿದದ್ದರಲ್ಲಿ ಅಜ್ಜ ಮುದ್ದುಮಾಡಲಿ, ಅದು ಮಗುವಿನ ಭಾಗ್ಯ. ‘ಪೊಲೀಸ್ ಬರ್ತಾನೆ’, ‘ಡಾಕ್ಟರ್ ಸೂಜಿ ಚುಚ್ತಾರೆ’ ಎಂದು ಮಾತ್ರ ಹೆದರಿಸಬೇಡಿ. ಜಾತ್ರೆಯಲ್ಲಿ ಕಳೆದುಹೋದ ದಿನ ಮಗು ಹೋಗಬೇಕಾದದ್ದು ಆ ಪೊಲೀಸಿನ ಹತ್ತಿರವೇ.

ಭಾಷೆಯ ಬಗ್ಗೆ ಬಹಳ ತಾಯಂದಿರಿಗೆ ಅಳುಕಿದೆ. ಮನೆಯಲ್ಲಿ ಹವ್ಯಕ ಕನ್ನಡವೋ ಕೊಂಕಣಿಯೋ, ಭಟ್ಕಳದಲ್ಲಿ ನವಾಯತಿಯೋ ಇರುತ್ತದೆ, ಅಂಗನವಾಡಿಯಲ್ಲಿ ಬೇರೆ ಕನ್ನಡ, ಟಿವಿಯಲ್ಲಿ ಇಂಗ್ಲಿಷು. ಮಗುವಿಗೆ ಗೊಂದಲವಾಗುತ್ತದೆಂದು ಮನೆಮಾತನ್ನು ಬಿಟ್ಟು ಅರೆಬರೆ ಇಂಗ್ಲಿಷ್ ಹಿಡಿಯುತ್ತಾರೆ. ಗೊಂದಲವಾಗುವುದಿಲ್ಲ. ಎರಡು ಮಾತು ಬೆರೆಸುವುದು ಕಲಿಕೆಯ ಹಾದಿಯೇ. ಎರಡು ವರ್ಷಕ್ಕೆ ಸುಮಾರು ಐವತ್ತು ಪದ, ಎರಡು ಪದ ಸೇರಿಸಿದ ಮಾತು ಬರಬೇಕು. ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ: ‘ಹಾಲು’ ಒಂದು, ‘ದೂದ’ ಇನ್ನೊಂದು. ಕೂಡಿಸಿಯೂ ಕಡಿಮೆಯಾದರೆ, ಕರೆದರೆ ತಿರುಗದಿದ್ದರೆ, ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಮಾತು ಬೆಳೆಯುವುದು ಕೆಲಸದ ನಡುವೆ. ಎರಡು ವರ್ಷದ ಮಗು ಬದನೆಕಾಯಿ ತೊಳೆಯಬಲ್ಲದು, ಮೂರಕ್ಕೆ ಸೊಪ್ಪು ಬಿಡಿಸಬಲ್ಲದು, ಐದಕ್ಕೆ ದೇವರಿಗೆ ಹೂ ಕೊಯ್ದು ತರಬಲ್ಲದು. ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಅಡುಗೆಮನೆ ಒದ್ದೆಯಾಗುತ್ತದೆ. ಹತ್ತು ನಿಮಿಷ ಮೊದಲೇ ಶುರುಮಾಡಿದರೆ ಆ ಗಡಿಬಿಡಿಯೇ ದಿನದ ಅತ್ಯಂತ ಚಂದದ ಹೊತ್ತು.

ಆಟಕ್ಕೆ ದುಡ್ಡು ಬೇಡ, ಮಗುವನ್ನು ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆದರೆ ಸಾಕು. ತೋಟದಲ್ಲಿ ತಾನಾಗಿ ಬಿದ್ದ ಅಡಿಕೆ ಹಾಳೆ ಆರಿಸಿ, ಅಗಲವಾದದ್ದು, ಬಿರುಕಿಲ್ಲದ್ದು. ತೀರಾ ಒಣಗಿದ್ದರೆ ಸೀಳುತ್ತದೆ, ಸ್ವಲ್ಪ ನೀರು ಚಿಮುಕಿಸಿ ಮೆದುಮಾಡಿ. ಒಳಗೆ ಚೇಳು, ಇರುವೆ ಇಲ್ಲವೆಂದು ಕೊಡವಿ ನೋಡಿ. ಅಂಗಳದ ಕಲ್ಲು ಹೆಕ್ಕಿ, ಇಳಿಜಾರು ಬಿಟ್ಟು ಸಮತಟ್ಟಿನಲ್ಲಿ ಎಳೆಯಿರಿ. ಮಗು ಅಗಲದ ಭಾಗದಲ್ಲಿ ಕಾಲು ಮುಂದೆ ಚಾಚಿ ಕೂರಲಿ, ಎರಡು ಕೈಯಲ್ಲೂ ಅಂಚು ಹಿಡಿದಿರಲಿ, ನೀವು ಹೆಡೆಯ ದಂಟು ಹಿಡಿದು ಮೊದಲು ನಿಧಾನ ನಡೆಯಿರಿ. ತಿರುವಿನಲ್ಲಿ ಓಡಬೇಡಿ, ಹಾಳೆ ಮಗುಚುವುದು ಅಲ್ಲೇ. ಎಷ್ಟು ಸುತ್ತು ಎಂಬುದನ್ನು ಕೂತವರು ಹೇಳುತ್ತಾರೆ.